ಹಳದಿ ದೀಪದ ಡೆಸ್ಕು

ಗದಗಿನ ಆ ಪ್ರೌಢಶಾಲೆಯಲ್ಲಿ ಮಕ್ಕಳು ಡೆಸ್ಕಿನ ಮೇಲೆ ಕೈಯಿಟ್ಟ ಕೂಡಲೇ ಅದರ ಮೂಲೆಯಲ್ಲೊಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು. ಹಸಿರಾದರೆ ಚಿಂತೆಯಿಲ್ಲ. ಹಳದಿಯಾದರೆ ಮಗು ಅಂತರ್ಜಾಲದ ಗೀಳಿನತ್ತ ಜಾರುತ್ತಿದೆ ಎಂದರ್ಥ. ಬೆರಳಿನ ನಡುಕ, ನಾಡಿಯ ಏರಿಳಿತ, ಫೋನಿಗಾಗಿ ಕೈ ಎಷ್ಟು ಸಲ ತುಡಿಯಿತು ಎಂಬುದನ್ನೆಲ್ಲ ಕೂಡಿಸಿ ನೋಡಿ, ಗೀಳು ಬೇರೂರುವ ಮೊದಲೇ ಅದು ಹೇಳಿಬಿಡುತ್ತಿತ್ತು. ಈ ಸಾಧನದ ಹೆಸರು ‘ಮುನ್ನರಿ’.

ಅದನ್ನು ಕಂಡುಹಿಡಿದ ಡಾ. ನೀಲಾಂಬಿಕೆ ಹೊಂಬಳ ಜೊತೆಗೊಂದು ಔಷಧವನ್ನೂ ಸೂಚಿಸಿದ್ದಳು. ಹಳದಿ ಕಂಡರೆ ಯಾರಾದರೂ ಮಗುವಿನ ಪಕ್ಕದಲ್ಲಿ ಕೂತು, ಏನಾಗಿದೆ ಎಂದು ಕೇಳಬೇಕು, ಅಷ್ಟೇ. ಆದರೆ ಶಾಲೆಗಳಿಗೆ ಅಷ್ಟು ಪುರುಸೊತ್ತೆಲ್ಲಿಯದು? ಹಳದಿ ಆರದ ಮಕ್ಕಳನ್ನು ಜಾಲವೇ ಇಲ್ಲದ ದೂರದ ವಸತಿಶಾಲೆಗೆ ಕಳಿಸುವ ಪದ್ಧತಿ ಶುರುವಾಯಿತು. ಕೇಳುವುದಕ್ಕಿಂತ ಕಳಿಸುವುದು ಸುಲಭ. ಇದು ಗೊತ್ತಾದ ಕೂಡಲೇ ನೀಲಾಂಬಿಕೆ ಗದಗಿಗೆ ಹೊರಟಳು.

ಅವಳು ಆ ಶಾಲೆಗೆ ಬಂದದ್ದು ಪಾಲಕರ ಸಭೆಯ ದಿನ. ಒಂಬತ್ತನೇ ತರಗತಿಯ ಸಂಪದಾಳನ್ನು ಕಳಿಸುವುದು ಅಂದು ತೀರ್ಮಾನವಾಗಬೇಕಿತ್ತು. ಸಭೆಯ ದಿನ ಪಾಲಕರು ತಮ್ಮ ತಮ್ಮ ಮಕ್ಕಳ ಜಾಗದಲ್ಲೇ ಕೂರುವುದು, ಮಕ್ಕಳು ಗೋಡೆಗೊರಗಿ ನಿಲ್ಲುವುದು ಅಲ್ಲಿನ ರೂಢಿ. ಸಂಪದಾಳ ಜಾಗದಲ್ಲಿ ಅವಳ ತಂದೆ, ಗಾಡಿ ರಿಪೇರಿ ಅಂಗಡಿಯ ಗುರುಪಾದಪ್ಪ, ಮೊಣಕಾಲು ಮಡಚಿಕೊಂಡು ಕೂತಿದ್ದ.

“ಕಳಿಸಿಬಿಡ್ರಿ ಸರ್,” ಎಂದ ಅವನು ಹೆಡ್‌ಮಾಸ್ತರರಿಗೆ. “ಅವರವ್ವ ತೀರಿಕೊಂಡಾಗಿಂದ ಹಗಲೂ ರಾತ್ರಿ ಫೋನಿನಾಗ ಮುಳುಗಿರ್ತಾಳ. ನನ್ನ ಮಾತು ಕೇಳಂಗಿಲ್ಲ.”

ಹೇಳುತ್ತಲೇ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಲು ಕೈಯನ್ನು ಡೆಸ್ಕಿನ ಮೇಲಿಟ್ಟ. ಮೂಲೆಯ ದೀಪ ಹಳದಿಯಾಯಿತು.

ಸಭೆಗೆ ಮುಂಚೆ ಯಂತ್ರವನ್ನು ಬಂದ್ ಮಾಡಲು ಯಾರಿಗೂ ನೆನಪಾಗಿರಲಿಲ್ಲ. ಗಾಬರಿಯಲ್ಲಿ ಉಳಿದವರೂ ತಂತಮ್ಮ ಡೆಸ್ಕು ಮುಟ್ಟಿ ನೋಡಿದರು. ಒಂದೊಂದೇ ದೀಪ ಹೊತ್ತಿತು. ಹಸಿರು ಕಂಡದ್ದು ಎಲ್ಲೋ ಒಂದೆರಡು.

“ಯಂತ್ರಕ್ಕ ಕಾಮಾಲಿ ಆಗೇತಿ,” ಎಂದರು ಯಾರೋ.

ಹೆಡ್‌ಮಾಸ್ತರು ನೀಲಾಂಬಿಕೆಯ ಕಿವಿಯ ಬಳಿ ಬಗ್ಗಿದರು. “ಮೇಡಂ, ಕೆಟ್ಟೈತಿ ಅಂದುಬಿಡ್ರಿ. ಹುಡುಗಿನೂ ಇಲ್ಲೇ ಉಳೀತಾಳ, ಇವರ ಮರ್ಯಾದಿನೂ ಉಳೀತೈತಿ.”

ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ಕೆಟ್ಟಿದೆ ಎಂದರೆ ಸಂಪದಾ ಉಳಿಯುತ್ತಾಳೆ, ನಿಜ. ಆದರೆ ಅವಳ ಸಂಕಟ ಸುಳ್ಳೆಂದು ಹೇಳಿದಂತಾಗುತ್ತದೆ. ನೀಲಾಂಬಿಕೆಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಇಷ್ಟು ವರ್ಷ ಮಕ್ಕಳ ಬೆರಳನ್ನಷ್ಟೇ ಅಳೆದವಳು ಅವರ ಮನೆಯಲ್ಲಿರುವ ದೊಡ್ಡವರ ಬೆರಳಿನ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

“ಯಂತ್ರ ಸರಿಯಾಗೇ ಐತಿ,” ಎಂದಳು, ಎಲ್ಲರಿಗೂ ಕೇಳುವಂತೆ.

ಗುರುಪಾದಪ್ಪ ತಲೆ ತಗ್ಗಿಸಿದ. “ಹಂಗಾರ ನನ್ನ ಎಲ್ಲಿಗೆ ಕಳಸ್ತೀರಿ?”

“ಕಳಿಸೂದು ನಾ ಹೇಳಿದ ಔಷಧ ಅಲ್ರೀ. ಪಕ್ಕದಾಗ ಕೂತು ಕೇಳಬೇಕಿತ್ತು. ಆ ಹುಡುಗೀನ ಯಾರರ ಕೇಳೀರೇನು?”

ಆಗ ಸಂಪದಾ ಗೋಡೆ ಬಿಟ್ಟು ಬಂದಳು. ತಂದೆಯನ್ನು ಸ್ವಲ್ಪ ಸರಿಸಿ, ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು.

“ಏನಾಗೇತಪ್ಪಾ ನಿನಗ?”

“ಫೋನ್ ಕೆಳಗಿಟ್ರ ಮನಿ ಭಾಳ ಸುಮ್ಮಗ ಇರತೈತವ್ವಾ,” ಎಂದ ಗುರುಪಾದಪ್ಪ. “ಅದನ್ನ ತಡಕೊಳ್ಳಾಕ ಆಗಂಗಿಲ್ಲ.”

“ನನಗೂ,” ಎಂದಳು ಮಗಳು.

ಸಹಿಯಾಗದ ಕಾಗದವನ್ನು ಹೆಡ್‌ಮಾಸ್ತರು ಮೆಲ್ಲಗೆ ಮಡಚಿಕೊಂಡರು. ದೀಪ ಇನ್ನೂ ಹಳದಿಯೇ ಇತ್ತು. ಒಂದು ಮಾತಿಗೆ ಆರುವ ದೀಪವಲ್ಲ ಅದು. ನೀಲಾಂಬಿಕೆ ಅದನ್ನೇ ನೋಡುತ್ತ ನಿಂತಳು. ತನ್ನ ಯಂತ್ರ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಮನೆಮನೆಯಲ್ಲೂ ಎಲ್ಲರೂ ತಲೆ ತಗ್ಗಿಸಿ ಬೆರಳು ಜಾರಿಸತೊಡಗಿದ್ದ ಆ ಕಾಲದಲ್ಲೇ ಈ ಪ್ರಶ್ನೆ ಕೇಳಬಹುದಿತ್ತು. ಅದಕ್ಕೆ ಯಾವ ದೀಪವೂ ಬೇಕಿರಲಿಲ್ಲ.