ಉಳುಮೆ ನಿಂತ ಹೊಲದ ಚರಗ

ಪೊರೆಹಾಸುಕ ಯಂತ್ರ ತನ್ನ ಆರು ಸಪೂರ ಕಾಲುಗಳ ಮೇಲೆ, ತೊಟ್ಟಿಲ ಬದಿಯಲ್ಲಿ ನಡೆಯುವವರಂತೆ ಹಗುರವಾಗಿ ಹೆಜ್ಜೆಯಿಡುತ್ತ, ಹಗರಿ ನದಿಯ ದಂಡೆಯ ಮರಳಿನಲ್ಲಿ ಸಾಗುತ್ತಿತ್ತು. ಅದರ ಹೊಟ್ಟೆಯಡಿಯಿಂದ ಕಪ್ಪು ಹಸಿರಿನ ಹನಿಗಳು ಮಂಜಿನಂತೆ ಉದುರುತ್ತಿದ್ದವು. ಬೇಲಿಯ ಈಚೆ, ಕಲ್ಲಿನ ಮೇಲೆ ಕುಳಿತು ನೀಲಗಂಗವ್ವ ನೋಡುತ್ತಿದ್ದಳು. ಯಂತ್ರ ನಡೆಯುತ್ತಿದ್ದದ್ದು ಅವಳ ಹೊಲದಲ್ಲಿ.

ಈಗ ಅದು ಯಾರ ಹೊಲವೂ ಅಲ್ಲ. ಅವಳ ಊರಿನವರು ಕೊಳವೆಬಾವಿ ಕೊರೆದು ಮರಳಿನಲ್ಲಿ ದಾಳಿಂಬೆ ಬೆಳೆದಿದ್ದರು. ನೀರು ಆಳಕ್ಕೆ ಇಳಿದಂತೆ ಕೊಳವೆಯೂ ಇಳಿಯಿತು. ಕೊನೆಗೆ ಸರ್ಕಾರ ನೆಲನಿವೃತ್ತಿ ಯೋಜನೆಯಲ್ಲಿ ಬಾವಿಗಳ ಬಾಯಿ ಮುಚ್ಚಿಸಿ, ಊರನ್ನು ಕಾಲುವೆ ಬದಿಯ ಹೊಸ ಬಡಾವಣೆಗೆ ಕಳಿಸಿತು. ಖಾಲಿಯಾದ ಹೊಲಗಳ ಮೇಲೆ ಯಂತ್ರಗಳು ಜೀವಪೊರೆ ಹಾಸತೊಡಗಿದವು. ಪಾಚಿ, ಕಲ್ಲುಹೂವು ಮತ್ತು ಕಣ್ಣಿಗೆ ಕಾಣದ ಜೀವಾಣುಗಳು ಸೇರಿ ಆದ ತೆಳ್ಳನೆಯ ಚರ್ಮ ಅದು. ಮರಳು ಹಾರದಂತೆ ಹಿಡಿದಿಟ್ಟು, ಬಿದ್ದ ಮಳೆಯನ್ನು ನೆಲದೊಳಕ್ಕೆ ಇಳಿಸುತ್ತದೆ. ಆದರೆ ಮನುಷ್ಯರ ಒಂದು ಹೆಜ್ಜೆಗೆ ಹರಿದುಹೋಗುತ್ತದೆ. ಅದಕ್ಕಾಗಿ ಬೇಲಿ.

ಬೇಲಿಯಂಚಿನ ಮನೆಯನ್ನು ನೀಲಗಂಗವ್ವ ಮಾತ್ರ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತನ್ನ ದನಿಯನ್ನು ತಾನೇ ಕೇಳದೆ ಎಷ್ಟೋ ದಿನ ಮಲಗುತ್ತಿದ್ದಳು.

ಯಂತ್ರವನ್ನು ಪರೀಕ್ಷಿಸಲು ವಿಜ್ಞಾನಿ ಫಿರ್ದೋಸ್ ಬಂದಾಗ ಅವಳು ಧೈರ್ಯ ಮಾಡಿ ಕೇಳಿದಳು.

"ಮೇಡಂ, ನಾಡಿದ್ದು ಎಳ್ಳಮವಾಸ್ಯಿ. ಒಂದೀಟು ಒಳಗ ಹೋಗಿ ಚರಗ ಚೆಲ್ಲಿ ಬರ್ತೀನ್ರಿ."

"ಚರಗ ಅಂದರೆ?"

"ಭೂಮಿತಾಯಿಗೆ ಉಣ್ಣಾಕ ಹಾಕೋದ್ರಿ. ಕಡಬು, ಸಜ್ಜಿ ರೊಟ್ಟಿ, ಕಾಳುಪಲ್ಯ ಎಲ್ಲಾ ಕಲಸಿ ಹೊಲದ ತುಂಬ ಚೆಲ್ತೀವಿ."

"ಈಗ ಬೆಳೆಯೇ ಇಲ್ಲವಲ್ಲಮ್ಮ. ಭೂಮಿ ವಿಶ್ರಾಂತಿಯಲ್ಲಿದೆ."

"ಬಾಣಂತಿನೂ ಮಲಗೇ ಇರ್ತಾಳ್ರಿ. ಉಣ್ಣಾಕ ಇಡಬ್ಯಾಡ ಅಂತೀರೇನು?"

ಫಿರ್ದೋಸ್ ಯಂತ್ರದ ಕಡೆ ತಿರುಗಿ ನೋಡಿದಳು. "ನಿಮ್ಮನ್ನು ಒಳಗೆ ಬಿಡಲಾರೆ. ಯಂತ್ರ ಚೆಲ್ಲಿದರೆ ಆಗುತ್ತದೆಯೇ?"

"ಅದಕ್ಕ ಕೈ ಎಲ್ಲೈತ್ರಿ?"

"ಆರು ಕಾಲಿವೆ. ಒಂದನ್ನು ಕೈ ಅಂದುಕೊಳ್ಳಿ."

"ಕಾಲಿಂದ ಉಣ್ಣಿಸಿದ್ರ ಬೈತಾಳ್ರಿ ಆಕಿ." ನೀಲಗಂಗವ್ವ ಯಂತ್ರದ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿದಳು. "ತೊಳದ್ರ ನಡೀತೈತಿ ಬಿಡ್ರಿ."

ಇನ್ನೊಂದು ತೊಡಕಿತ್ತು. ಚರಗಕ್ಕೆ ಇಬ್ಬರು ಬೇಕು. ಮುಂದಿನವರು ಅನ್ನ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ "ಚಲಾಂಬ್ರಿಗೋ" ಎನ್ನಬೇಕು.

"ಹಾಗೆಂದರೇನು?"

"ಯಾರಿಗ್ಗೊತ್ರಿ. ಕೂಗಿದ್ರ ಓಗೊಡಬೇಕು, ಅಷ್ಟ."

ಪ್ರತಿವರ್ಷ ಕೂಗುತ್ತಿದ್ದವನು ಗಂಡ. ಅವಳದು ಓಗೊಡುವ ಕೆಲಸ. ಯಂತ್ರಕ್ಕೆ ಕಲಿಸಲು ಈಗ ಅವಳೇ ಕೂಗಬೇಕಾಯಿತು. ಮೊದಲ ಸಲ ಗಾಳಿಯಷ್ಟೇ ಹೊರಟಿತು. ಎರಡನೆಯ ಸಲ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂಗಿದಳು.

"ಓಗೊಡೋತನಕ ಮುಂದಿನ ತುತ್ತು ಹಾಕಬಾರದು ಅಂತ ಹೇಳ್ರಿ ಅದಕ್ಕ," ಎಂದಳು. ಫಿರ್ದೋಸ್ ಹಾಗೆಯೇ ಕಲಿಸಿದಳು.

ಅಮಾವಾಸ್ಯೆಯ ದಿನ ಬುಟ್ಟಿ ಹೊತ್ತ ಯಂತ್ರ ಹೊಲದ ನಡುವಿನಿಂದ ಅವಳದೇ ದನಿಯಲ್ಲಿ ಕೂಗಿತು. ಬೇಲಿಯ ಬಳಿಯಿಂದ ಅವಳು ಓಗೊಟ್ಟಳು. ಕೂಗಿದವಳೂ ತಾನೇ, ಓಗೊಟ್ಟವಳೂ ತಾನೇ. ಬುಟ್ಟಿ ಬರಿದಾದ ಮೇಲೆ, ತನಗೆಂದು ತೆಗೆದಿಟ್ಟ ಕಡಬನ್ನು ಕಲ್ಲಿನ ಮೇಲೆ ಕುಳಿತು ತಿಂದಳು.

ಒಂದು ಸಂಗತಿಯನ್ನು ಫಿರ್ದೋಸ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಪೊರೆಹಾಸುಕ ಕಲಿತದ್ದನ್ನು ಉಳಿದವೂ ಕಲಿಯುತ್ತವೆ. ಮರುವರ್ಷದ ಎಳ್ಳಮವಾಸ್ಯೆಯ ಬೆಳಿಗ್ಗೆ, ನಿವೃತ್ತವಾದ ಎಲ್ಲ ಹೊಲಗಳಲ್ಲೂ ಯಂತ್ರಗಳು ನಡಿಗೆ ನಿಲ್ಲಿಸಿ, ನೀಲಗಂಗವ್ವನ ದನಿಯಲ್ಲಿ ಕೂಗಿ, ಕಾಯುತ್ತ ನಿಂತುಬಿಟ್ಟವು. ಧ್ವನಿಮುದ್ರಿಸಿದ ಉತ್ತರ ಕೇಳಿಸಿದರೂ ಅವು ಕದಲಲಿಲ್ಲ. ಬೇಲಿ ದಾಟುವ ಮನುಷ್ಯರನ್ನು ಗುರುತಿಸಲೆಂದು ಅವಕ್ಕೆ ಕೊಟ್ಟಿದ್ದ ಸೂಕ್ಷ್ಮ ಕಿವಿ ಮೋಸಹೋಗಲಿಲ್ಲ. ಕೂಗನ್ನು ಅಳಿಸಹೊರಟರೆ ಅದರೊಡನೆ ಹೆಣೆದುಕೊಂಡಿದ್ದ, ಪೊರೆ ಹರಿಯದಂತೆ ನಡೆಯುವ ಹಗುರ ನಡಿಗೆಯೂ ಅಳಿಯುತ್ತಿತ್ತು. ಬೇರೆ ದಾರಿ ಕಾಣದೆ ಫಿರ್ದೋಸ್ ಹೊಸ ಬಡಾವಣೆಗೆ ಫೋನು ಮಾಡಿದಳು. ಮನುಷ್ಯರನ್ನು ಹೊರಗಿಡಲು ಬೇಲಿ ಹಾಕಿಸಿದವಳೇ ಬಸ್ಸು ಕಳಿಸಿ, ಓಗೊಡಲೆಂದು ಮನುಷ್ಯರನ್ನು ಬೇಲಿಗೆ ಕರೆಸಿದಳು.

ನೀಲಗಂಗವ್ವನಿಗೆ ಇದೊಂದೂ ತಿಳಿದಿರಲಿಲ್ಲ. ಬೆಳಿಗ್ಗೆಯೆಲ್ಲ ಒಳಗೆ ಒಲೆಯ ಮುಂದಿದ್ದು, ಬುಟ್ಟಿ ತುಂಬಿಸಿ ಕಳಿಸಿ, ಮಧ್ಯಾಹ್ನ ಎಂದಿನಂತೆ ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ಯಂತ್ರ ಕೂಗಿತು, ಅವಳು ಓಗೊಟ್ಟಳು. ಆಗ ಪಕ್ಕದ ಹೊಲದ ಆಚೆ ಅಂಚಿನಿಂದ ಅವಳದೇ ಕೂಗು ಕೇಳಿಸಿತು. ಅದರ ಹಿಂದೆಯೇ ಒಂದು ಒಡಕು ಗಂಡುದನಿ:

"ಚಲಾಂಬ್ರಿಗೋ!"

ಪಕ್ಕದ ಹೊಲದ ಹೊನ್ನೂರಪ್ಪನ ದನಿ. ಅವನು ಆಳಕ್ಕೆ ಕೊರೆಸಿದ ವಾರವೇ ಅವಳ ಬಾವಿ ಬತ್ತಿತ್ತು. ಇನ್ನು ನಿನ್ನ ಜೊತೆ ಮಾತಿಲ್ಲ ಎಂದವಳು, ಅವನು ಊರು ಬಿಡುವ ದಿನವೂ ಬಾಗಿಲು ತೆರೆದಿರಲಿಲ್ಲ.

ಅವಳ ಯಂತ್ರ ಮತ್ತೆ ಕೂಗಿತು. ಅವಳು ಅದಕ್ಕೆ ಓಗೊಡಲಿಲ್ಲ. ಎದ್ದು ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಕೂಗಿದಳು:

"ಹುಲ್ಲುಲ್ಲಿಗೋ!"

ನಡುವೆ ಯಾರೂ ಕಾಲಿಡಬಾರದ ಎರಡು ಹೊಲಗಳು, ಬಿಸಿಲಲ್ಲಿ ಕಪ್ಪಗೆ ಮಲಗಿದ್ದವು.

"ನೀಲಗಂಗವ್ವಾ! ಇದು ನೀನೋ, ಮಿಷನ್ನೋ?"

"ನಾನ!" ಎಂದಳು ಅವಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಂಟಲು ಕಿತ್ತುಬರುವಂತೆ, "ನಾನ ಅದೀನಿ!"

ಯಂತ್ರ ಅದನ್ನು ಉತ್ತರವೆಂದು ಒಪ್ಪಲಿಲ್ಲ. ಒಂದು ಕಾಲನ್ನು ಎತ್ತಿ, ತುತ್ತು ಹಿಡಿದು, ಕಾಯುತ್ತಲೇ ನಿಂತಿತ್ತು.