ಚಡಾವಿನ ಮೂರನೆಯ ಲಾರಿ

ಮೊಗ್ರಾಲ್ ಹೊಳೆ ಇಳಿದಿತ್ತು. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ಚುನಾವಣೆಗೆ ವಾರ ಉಳಿದಿತ್ತು. ಠಾಣೆಯ ಅರ್ಧ ಜನ ಬಂದೋಬಸ್ತಿಗೆ ಹೋಗಿದ್ದರು. 2019ರ ಏಪ್ರಿಲ್ 16, ಮಂಗಳವಾರ, ಬೆಳಿಗ್ಗೆ 7.20ಕ್ಕೆ ತೆರೆಜಾ ಠಾಣೆಯ ಮೆಟ್ಟಿಲು ಹತ್ತಿದರು. ಅವರ ಗಂಡ, ವಿಜ್ಞಾನದ ಮಾಷ್ಟ್ರು ಡೆನ್ಜಿಲ್, ಆ ನಸುಕಿನಲ್ಲಿ ಪುತ್ತಿಗೆಯ ಏರುರಸ್ತೆಯ ಚಡಾವಿನಲ್ಲಿ ಲಾರಿ ಬಡಿದು ಸತ್ತಿದ್ದರು.

“ಅಷ್ಟು ಬೆಳಿಗ್ಗೆ ಎಂತಕ್ಕೆ ಹೋಗಿದ್ದರು ಬಾಯಮ್ಮ?” ಇನ್‌ಸ್ಪೆಕ್ಟರ್ ಗುಣಪಾಲ ಕೇಳಿದರು.

“ಕಳ್ಳ ಹೊಯ್ಗೆಯ ಲಾರಿ ನಿಲ್ಲಿಸ್ಲಿಕ್ಕೆ. ಎರಡು ಸಲ ನಿಮಗೆ ಫೋನು ಮಾಡಿದ್ರಲ್ಲ? ಸುಳ್ಳು ಮಾಹಿತಿ ಅಂತ ಬರೆದ್ರಿ. ಇನ್ನೊಮ್ಮೆ ಮಾಡಿದ್ರೆ ನಿಮ್ಮ ಮೇಲೇ ಕೇಸು ಅಂದ್ರಿ.”

ಹಾಗೆ ಅಂದದ್ದು ಗುಣಪಾಲರೇ. ಎರಡು ಸಲವೂ ಸೇತುವೆಯ ಬಳಿ ತಡೆದ ಲಾರಿಯಲ್ಲಿ, ಟರ್ಪಾಲಿನಡಿ ಸಿಕ್ಕಿದ್ದು ಹೊಳೆಯ ಮರಳಲ್ಲ, ಒಣ ತೆಂಗಿನ ಸಿಪ್ಪೆ.

8.05ಕ್ಕೆ ಎಫ್‌ಐಆರ್ ದಾಖಲಾಯಿತು. 9.30ಕ್ಕೆ ಸ್ಥಳ ಪಂಚನಾಮೆ: ಒಡೆದ ಟಾರ್ಚು, ಒಂದು ಚಪ್ಪಲಿ, ಇಂಡಿಕೇಟರಿನ ಹಳದಿ ಚೂರು ಮೂರು, ಅಂಗೈಯಷ್ಟು ಒದ್ದೆ ಹೊಯ್ಗೆ. ಬ್ರೇಕಿನ ಗುರುತು ಇರಲಿಲ್ಲ.

“ಮಾಷ್ಟ್ರು ಸೇತುವೆ ಬಿಟ್ಟು ಇಲ್ಲಿಗೆ ಯಾಕೆ ಬಂದ್ರು?” ಗುಣಪಾಲ ಕೇಳಿದರು.

ಕಾನ್‌ಸ್ಟೆಬಲ್ ಸೌದಾಮಿನಿ ಹಳದಿ ಚೂರುಗಳನ್ನು ಲಕೋಟೆಗೆ ಹಾಕಿದಳು. “ಹೋದ ತಿಂಗಳು ನಮ್ಮ ದೇಶ ಕ್ಷಿಪಣಿಯಿಂದ ಉಪಗ್ರಹ ಹೊಡೆದ ಸುದ್ದಿ ಬಂತಲ್ಲ ಸರ್. ಗ್ರಂಥಾಲಯದ ರಜಾ ಶಿಬಿರದಲ್ಲಿ ಮಕ್ಕಳು ಅದನ್ನೇ ಕೇಳಿದ್ರು. ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಬರುವ ಸಿಡಿತಲೆಯನ್ನು ಬಾಹ್ಯಾಕಾಶದಲ್ಲೇ ತಡೆಯುವ ಕ್ಷಿಪಣಿಯಲ್ಲಿ ಸಿಡಿಮದ್ದು ಇರ್ಲೇಬೇಕಂತ ಇಲ್ಲ, ಎದುರು ಹೋಗಿ ಗುದ್ದಿದ್ರೂ ಸಾಕು ಅಂದ್ರು ಮಾಷ್ಟ್ರು. ಕಷ್ಟ ಎಂತ ಅಂದ್ರೆ, ಶತ್ರು ಜೊತೆಗೆ ಖಾಲಿ ಬಲೂನು ಬಿಡ್ತಾನೆ. ಅಲ್ಲಿ ಗಾಳಿಯಿಲ್ಲ, ಎರಡಕ್ಕೂ ಒಂದೇ ವೇಗ. ಕೆಳಗೆ ಗಾಳಿ ತಾಗಿದ ಮೇಲೆಯೇ ಹಗುರದ್ದು ಹಿಂದೆ ಬೀಳುವುದು.”

“ಅದಕ್ಕೂ ಇದಕ್ಕೂ?”

“ನಮ್ಮ ರಸ್ತೆಯಲ್ಲೂ ಹಾಗೇ ಅಂದ್ರು: ಮೂರು ಲಾರಿ, ಒಂದೇ ಥರದ ಟರ್ಪಾಲು, ಎರಡರಲ್ಲಿ ಸಿಪ್ಪೆ, ಒಂದರಲ್ಲಿ ಹೊಯ್ಗೆ. ಸಪಾಟಿನಲ್ಲಿ ಗೊತ್ತಾಗುವುದಿಲ್ಲ, ಚಡಾವಿನಲ್ಲಿ ಭಾರದ್ದು ಹಿಂದೆ ಬೀಳ್ತದೆ. ‘ನಮ್ಮ ಪೊಲೀಸರು ಬಲೂನು ಹಿಡಿಯುವವರು’ ಅಂತ ನಗಿಸಿದ್ರು.” ಅವಳು ತಲೆ ತಗ್ಗಿಸಿದಳು. “ನಾನೂ ನಕ್ಕೆ ಸರ್.”

ಮೂರು ದಿನ ಲಾರಿಗಳು ರಸ್ತೆಗಿಳಿಯಲಿಲ್ಲ. 20ರ ಶನಿವಾರ ಬೆಳಿಗ್ಗೆ 5.40ಕ್ಕೆ ಬಂದವು. ಚಡಾವಿನ ಮೇಲೆ ಜೀಪು ನಿಲ್ಲಿಸಿ ಕಾದಿದ್ದ ಗುಣಪಾಲ ಮೊದಲ ಎರಡನ್ನು ಬಿಟ್ಟರು. ಮೂರನೆಯದು ಫಸ್ಟ್ ಗೇರಿನಲ್ಲಿ ನರಳುತ್ತ ಏರುತ್ತಿತ್ತು. ಜೀಪು ಅಡ್ಡ ಬಂತು.

ಟರ್ಪಾಲಿನಡಿ ನೀರಿಳಿಯುವ ಹೊಯ್ಗೆ ಇತ್ತು. ಎಡಗಡೆಯ ಇಂಡಿಕೇಟರಿಗೆ ಸುತ್ತಿದ ಟೇಪು ಬಿಡಿಸಿದಾಗ, ಆ ಮೂರು ಚೂರೂ ಅಂಚಿಗೆ ಸರಿಯಾಗಿ ಕೂತವು. ಚಾಲಕ ಅಕ್ಷಿತ್, ಇಪ್ಪತ್ನಾಲ್ಕು ವರ್ಷ. ಮಾಷ್ಟ್ರ ಹಳೆಯ ವಿದ್ಯಾರ್ಥಿ.

“ಅವತ್ತು ಲಾರಿಗೆ ಎದುರು ನಿಂತದ್ದು ಯಾರೆಂದು ಗೊತ್ತಾಯಿತಾ?” ಗುಣಪಾಲ ಕೇಳಿದರು.

“ಗೊತ್ತಾಯ್ತು. ಟಾರ್ಚು ಬೀಸಿ ಹೆಸರು ಹಿಡಿದು ಕರೆದ್ರು.”

“ಯಾಕೆ ನಿಲ್ಲಿಸಲಿಲ್ಲ?”

“ಲೋಡು ಉಂಟು ಸರ್. ಅಲ್ಲಿ ನಿಲ್ಲಿಸಿದ್ರೆ ಮತ್ತೆ ಎಳೆಯುವುದಿಲ್ಲ. ಸಿಕ್ಕಿಬಿದ್ದು ಕೇಸು ಆದ್ರೆ ವೀಸಾ ಹೋಯ್ತು. ಮೇ ಮೂರಕ್ಕೆ ದುಬಾಯಿ ಟಿಕೆಟು. ಹದಿನೈದರ ಸ್ಪೀಡೂ ಇರ್ಲಿಲ್ಲ ಸರ್... ಬದಿಗೆ ಸರೀತಾರೆ ಅಂದುಕೊಂಡೆ.”

6.25ಕ್ಕೆ ಬಂಧನ ದಾಖಲಾಯಿತು.

ಸೋಮವಾರ ತೆರೆಜಾ ಹೇಳಿಕೆಗೆ ಸಹಿ ಹಾಕಲು ಬಂದರು. ಪೆನ್ನು ಹಿಡಿದೇ ಕೇಳಿದರು: “ಆ ‘ಸುಳ್ಳು’ ಅಂತ ಬರೆದದ್ದನ್ನು ಹೊಡೆದು ಹಾಕ್ತೀರಾ?”

“ಠಾಣೆಯ ಡೈರಿ ಬಾಯಮ್ಮ. ಬರೆದದ್ದನ್ನು ಹೊಡೆಯುವ ಹಾಗಿಲ್ಲ. ಕೆಳಗೆ ಹೊಸತು ಬರೆಯಬಹುದು.”

“ಓದುವವರು ಮೊದಲು ಮೇಲಿನದ್ದನ್ನೇ ಅಲ್ವಾ ಓದುವುದು?”

ಸಹಿ ಹಾಕಿ ಅವರು ಮೆಟ್ಟಿಲಿಳಿದರು. ಗುಣಪಾಲ ಡೈರಿಯಲ್ಲಿ ಮಾಷ್ಟ್ರ ಎರಡನೆಯ ಫೋನು ಬಂದ ಏಪ್ರಿಲ್ ಹನ್ನೊಂದರ ಪುಟ ತೆರೆದರು. ‘ಸುಳ್ಳು ಮಾಹಿತಿ’. ಅದು ತನ್ನದೇ ಅಕ್ಷರ.