ಎರಡು ಸಲ ಒತ್ತುವ ಬೆರಳು

“ಸ್ಪೇಸ್ ಕೀನ ಈಗಲೂ ಎರಡು ಸಲ ಒತ್ತುತ್ತೀರಾ, ತಿದ್ದಮ್ಮ?”

ಅಂಗಡಿಯ ಟ್ಯಾಬ್ಲೆಟ್‌ನಲ್ಲಿ ಟೈಪು ಮಾಡಿ ನೋಡುತ್ತಿದ್ದ ಅವಳ ಬೆರಳು ಅಲ್ಲೇ ನಿಂತಿತು. ಹಾಗೆ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ...

ವರ್ಷಗಳ ಹಿಂದೆ ಒಂದು ಮುದ್ರಣಾಲಯದಲ್ಲಿ ಅವನು ಅಕ್ಷರ, ಚಿತ್ರ ಜೋಡಿಸಿ ಪುಟ ಕಟ್ಟುತ್ತಿದ್ದ, ಅವಳು ಕರಡು ತಿದ್ದುತ್ತಿದ್ದಳು. ಅವನ ಲ್ಯಾಪ್‌ಟಾಪೇ ಇಬ್ಬರಿಗೂ. ಅದರ ಸ್ಪೇಸ್ ಕೀ ಎರಡು ಸಲ ಒತ್ತಿದರಷ್ಟೇ ಮಾತು ಕೇಳುತ್ತಿತ್ತು. “ಇದೂ ನಿಮ್ಮ ಹಾಗೇ, ಒಂದೇ ಸಲಕ್ಕೆ ಒಪ್ಪಲ್ಲ” ಎಂದು ಅವನು ಕೆಣಕುತ್ತಿದ್ದ. ಒಂದೇ ಬೆಂಚಿನ ಆ ಮಧ್ಯಾಹ್ನಗಳು ದೇವರ ಮುಂದಿನ ದೀಪದಂತೆ ಸದ್ದಿಲ್ಲದೆ ಉರಿದಿದ್ದವು.

ಮುದ್ರಣಾಲಯ ಮುಚ್ಚಿದ ದಿನ ಅವನು ಲ್ಯಾಪ್‌ಟಾಪನ್ನು ಅವಳ ಕೈಗಿತ್ತು, “ನಿಮ್ಮ ಹತ್ರಾನೇ ಇರಲಿ” ಎಂದು ಹೊರಟುಬಿಟ್ಟ.

ಋಣ ಹರಿದುಕೊಂಡು ಹೋದರು ಎಂದುಕೊಂಡಳು ಅವಳು.

ಈಗ ನೋಡಿದರೆ ಈ ಅಂಗಡಿ ಅವನದು.

“ನನಗೆ ಟ್ಯಾಬ್ಲೆಟ್ ಸಾಕಾಗುತ್ತಾ?” ಮಾತು ಮರೆಸಿದಳು.

“ತಿದ್ದೋದಕ್ಕೆ ಧಾರಾಳ. ಹಗುರ, ಪೆನ್ನಲ್ಲಿ ಪರದೆ ಮೇಲೇ ಗೀಚಬಹುದು. ನಮ್ಮ ಪುಟ ಕಟ್ಟೋ ಸಾಫ್ಟ್‌ವೇರ್ ಮಾತ್ರ ಇದರಲ್ಲಿ ನಡೆಯಲ್ಲ. ಅದಕ್ಕೆ ಲ್ಯಾಪ್‌ಟಾಪೇ ಬೇಕು.”

“ಪುಟ ಕಟ್ಟೋರೇ ಹೋದ್ರಲ್ಲ.” ಅವಳು ಚೀಲದಿಂದ ಹಳೆಯ ಲ್ಯಾಪ್‌ಟಾಪ್ ತೆಗೆದಿಟ್ಟಳು. “ಹಳೇದನ್ನ ಬದಲಿಗೆ ತಗೋತೀರಂತೆ.”

ಅವನ ಮುಖ ಬಾಡಿತು. “ಕೊಟ್ಟೇಬಿಡ್ತೀರಾ?”

“ನೀವು ಕೊಟ್ಟು ಹೋಗ್ಲಿಲ್ವಾ?”

“ಕೊಟ್ಟಿದ್ದಲ್ಲ, ಇಟ್ಟು ಹೋಗಿದ್ದು. ವಾಪಸ್ ಕೇಳೋ ನೆಪದಲ್ಲಿ ಬರೋಣ ಅಂತ. ಬಂದ್ರೆ ನಿಮ್ಮ ಮನೆಗೆ ಬೀಗ.”

ಅಯ್ಯೋ... ಅಕ್ಕನ ಬಾಣಂತನಕ್ಕೆ ಹೋದವಳು ಅಲ್ಲೇ ಉಳಿದುಬಿಟ್ಟಿದ್ದೆನಲ್ಲ! ಅವಳು ಲ್ಯಾಪ್‌ಟಾಪಿನ ಮುಚ್ಚಳ ಸವರಿದಳು.

ಅವನು ತಲೆ ತಗ್ಗಿಸಿ, ಹೊಚ್ಚಹೊಸ ಕೀಬೋರ್ಡಿನಲ್ಲಿ ಬಿಲ್ಲು ಬರೆಯತೊಡಗಿದ. ಪ್ರತಿ ಪದದ ಕೊನೆಗೂ ಅವನ ಹೆಬ್ಬೆರಳು ಟಕ್... ಟಕ್... ಎಂದು ಎರಡು ಸಲ ಬಡಿಯುತ್ತಿತ್ತು.

“ಆ ಕೀ ಚೆನ್ನಾಗೇ ಇದೆಯಲ್ಲ?” ಮೆಲ್ಲಗೆ ಕೇಳಿದಳು.

“ಕೀ ಚೆನ್ನಾಗಿದೆ. ಬೆರಳು ಕೇಳಲ್ಲ.”

ಅವಳು ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. “ಟ್ಯಾಬ್ಲೆಟ್ ಕೊಡಿ. ಇದನ್ನ ಕೊಡಲ್ಲ.”

“ಇದ್ಯಾಕೆ ಇನ್ನು?”

“ತಿದ್ದೋದೇನೋ ಅದರಲ್ಲಾಯ್ತು. ಪುಟ ಕಟ್ಟೋದು?”

ಅವನು ಬಿಲ್ಲಿನಿಂದ ಹಳೆಯ ಲ್ಯಾಪ್‌ಟಾಪಿನ ಸಾಲು ಅಳಿಸಿದ. “ನಾನು ಬರಬಹುದಾ?” ಎಂದ.

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸತೊಡಗಿದಳು.

“ಬರಬಹುದಾ, ತಿದ್ದಮ್ಮ?”

“ಎರಡು ಸಲ ಕೇಳಿದ್ರಲ್ಲ...” ಕಣ್ಣೊರೆಸಿಕೊಂಡು ನಕ್ಕಳು. “ಬನ್ನಿ.”